ಯಾರ ಕಣ್ಣಿಗಾಗಿ ಈ ಕೆಂಪು

ಪುಷ್ಯ ಮಳೆ ಹೊಯ್ದು ಮುಗಿಯುವಷ್ಟರಲ್ಲಿ ಕಾರವಾರದ ಕಡೆ ಹಸಿರಲ್ಲದ ಬಣ್ಣವನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಚಿರೆಕಲ್ಲಿನ ಗೋಡೆಗೆ ಹಾವಸೆ, ಹೆಂಚಿಗೆ ಹಾವಸೆ, ಬಾವಿಕಟ್ಟೆಗೂ ಹಾವಸೆ. ಕಾಳಿ ನದಿಯೊಂದು ಮಾತ್ರ ಕೆಮ್ಮಣ್ಣು ಕದಡಿಕೊಂಡು ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುತ್ತಿರುತ್ತದೆ. ಇಂಥ ದಿನಗಳಲ್ಲಿ ಕದ್ರಾ ರಸ್ತೆಯ ಬದಿಯಲ್ಲೋ, ಅಂಕೋಲೆಯಿಂದ ಅಚವೆ ಕಡೆಗೆ ಹೋಗುವ ದಾರಿಯಲ್ಲೋ ಕಡಿದು ಒಟ್ಟಿದ ಅಕೇಶಿಯಾ ದಿಮ್ಮಿಗಳ ಮೇಲೆ ಥಟ್ಟನೆ ಒಂದು ಕೆಂಪು ಕಣ್ಣಿಗೆ ಬೀಳುತ್ತದೆ. ಕಿತ್ತಳೆಗೂ ನೆತ್ತರಿಗೂ ನಡುವಿನ ಬಣ್ಣ. ಬಸ್ಸಿನ ಕಿಟಕಿಯಿಂದ ನೋಡಿದವರು ಯಾರೋ ಪ್ಲಾಸ್ಟಿಕ್ ಚೂರು ಎಸೆದು ಹೋಗಿದ್ದಾರೆ ಅಂದುಕೊಂಡರೆ ತಪ್ಪಿಲ್ಲ. ಕಾಡಿನಲ್ಲಿ ಈಗ ಅಷ್ಟು ಢಾಳಾಗಿ ಕಾಣುವುದು ಹೆಚ್ಚಾಗಿ ಅದೇ.

ಇಳಿದು ಹತ್ತಿರ ಹೋದರೆ ಅದು ಅಣಬೆ. ಹಾಗೆಂದರೆ ಹಲವರು ಒಪ್ಪುವುದಿಲ್ಲ. ಅಣಬೆಯೆಂದ ಮೇಲೆ ಕೊಡೆ ಇರಬೇಕು, ಕಾಲಿರಬೇಕು, ಮುಟ್ಟಿದರೆ ಮುರಿಯಬೇಕು. ಇದಕ್ಕೆ ಕಾಲೇ ಇಲ್ಲ. ಬೀಸಣಿಗೆಯ ಆಕಾರದ ತೆಳ್ಳನೆಯ ಹಲ್ಲೆ, ಸತ್ತ ಮರಕ್ಕೆ ಪಕ್ಕದಿಂದ ಕಚ್ಚಿಕೊಂಡಿರುತ್ತದೆ. ಎಳೆದರೆ ಸುಲಭಕ್ಕೆ ಬರುವುದಿಲ್ಲ. ಒಂದರ ಮೇಲೊಂದು ಅಂತಸ್ತು ಅಂತಸ್ತಾಗಿ ಏಳೆಂಟು ಇದ್ದರೂ ಇದ್ದಾವು. ಬೇಲಿಯ ಗೂಟ, ಗಾಳಿಮರದ ಬೊಡ್ಡೆ, ಮಾವಿನ ಒಣಗಿದ ಟೊಂಗೆ ಯಾವುದಾದರೂ ಸರಿ. ಬಿಸಿಲು ಬೀಳುವ ಜಾಗ ಇದ್ದರೆ ಇದಕ್ಕೆ ಇನ್ನೂ ಇಷ್ಟ.

ಜೊತೆಯಲ್ಲಿದ್ದವರು ಕೇಳುವುದು ಎರಡೇ ಪ್ರಶ್ನೆ. “ತಿನ್ನೂಕಾಗ್ತದಾ?” “ಮದ್ದಿಗೆ ಬರ್ತದಾ?” ಬಣ್ಣದ ಅಣಬೆ ಕಂಡಾಗ ಜಗತ್ತಿನ ಯಾವ ಮೂಲೆಯಲ್ಲಾದರೂ ಮನುಷ್ಯ ಕೇಳುವುದು ಇವೆರಡನ್ನೇ ಇರಬೇಕು. ಮೊದಲನೆಯದಕ್ಕೆ ಉತ್ತರ ಸಣ್ಣದು: ಹಲ್ಲು ಗಟ್ಟಿಯಿದ್ದವರೂ ಅಗಿಯಲಾಗದಷ್ಟು ನಾರು. ಎರಡನೆಯದಕ್ಕೆ ಕೊಂಚ ಹೊತ್ತು ಬೇಕು.

ಅದಕ್ಕೂ ಮೊದಲು ಗುರುತು. ವಿಜ್ಞಾನಿಗಳು ಇದನ್ನು ಪಿಕ್ನೊಪೋರಸ್ ಸ್ಯಾಂಗ್ವಿನಿಯಸ್ ಎನ್ನುತ್ತಾರೆ. 1763ರಲ್ಲಿ ಲಿನೇಯಸ್ ಇದಕ್ಕೆ ಬೊಲೀಟಸ್ ಸ್ಯಾಂಗ್ವಿನಿಯಸ್ ಎಂದು ಹೆಸರಿಟ್ಟ. 1904ರಲ್ಲಿ ಅಮೆರಿಕದ ಮರ್ರಿಲ್ ಇದನ್ನು ಪಿಕ್ನೊಪೋರಸ್ ಕುಲಕ್ಕೆ ದಾಟಿಸಿದ. ಈಗ ಅಲ್ಲಿಂದಲೂ ಎಬ್ಬಿಸಿ ಟ್ರಾಮೀಟಿಸ್ ಕುಲದಲ್ಲಿ ಕೂರಿಸುವವರಿದ್ದಾರೆ. ಮನೆತನದ ಹೆಸರು ಮೇಲಿಂದ ಮೇಲೆ ಬದಲಾಯಿತು. ನೆತ್ತರಿನ ಬಣ್ಣದ್ದು ಎಂಬ ಸ್ವಂತದ ಹೆಸರನ್ನು ಅಳಿಸಲು ಮಾತ್ರ ಯಾರಿಗೂ ಮನಸ್ಸು ಬರಲಿಲ್ಲ.

ಇದನ್ನು ಗುರುತಿಸಬೇಕಾದರೆ ಅಂಗಾತ ಮಾಡಿ ನೋಡಬೇಕು. ಮೇಲ್ಮೈ ಎಲ್ಲರಿಗೂ ತೋರಿಸುವ ಮುಖ, ಅಣಬೆಯ ಕೆಲಸವೆಲ್ಲ ಕೆಳಗೆ. ಸಾಮಾನ್ಯ ಕೊಡೆ ಅಣಬೆಗಿರುವ ಪದರುಗಳು ಇಲ್ಲಿಲ್ಲ. ಬರಿಗಣ್ಣಿಗೆ ಅಡಿಭಾಗ ನುಣ್ಣಗೆ, ಮೇಲ್ಮೈಗಿಂತಲೂ ಒಂದು ಕೈ ಹೆಚ್ಚೇ ಕೆಂಪಾಗಿ ಕಾಣುತ್ತದೆ. ಅಕ್ಕಸಾಲಿಗರ ಬಳಿ ಇರುವಂಥ ಮಸೂರ ಕಣ್ಣಿಗೊತ್ತಿ ನೋಡಿದರೆ ಆ ನುಣುಪು ಒಡೆದುಹೋಗುತ್ತದೆ. ಎಲ್ಲವೂ ತೂತು. ಒಂದು ಮಿಲಿಮೀಟರ್ ಉದ್ದದಲ್ಲಿ ಐದಾರು ತೂತುಗಳು, ಒಂದೊಂದೂ ಒಂದು ಪುಟ್ಟ ಕೊಳವೆಯ ಬಾಯಿ. ಆ ಕೊಳವೆಗಳ ಒಳಗೋಡೆಯಲ್ಲಿ ಬೀಜಕಣಗಳು ಹುಟ್ಟಿ ಕೆಳಗುದುರಿ ಗಾಳಿ ಹತ್ತುತ್ತವೆ. ಚಳಿ ಸೀಮೆಯಲ್ಲಿ ಇದರ ಒಡಹುಟ್ಟೊಂದಿದೆ, ಸಿನ್ನಬಾರಿನಸ್ ಅಂತ; ಅದರ ಮೈ ದಪ್ಪ, ತೂತು ದೊಡ್ಡವು. ಎರಡನ್ನೂ ಬೇರೆ ಮಾಡಲು ತೂತು ಎಣಿಸುವುದೊಂದು ಒಳ್ಳೆಯ ದಾರಿ. ಹಸಿಯಿದ್ದಾಗ ಕಪ್ಪು ಕಾಗದದ ಮೇಲಿಟ್ಟು ಬೋಗುಣಿ ಮುಚ್ಚಿ ಬೆಳಗಿನವರೆಗೆ ಬಿಟ್ಟರೆ ಉದುರಿದ ಪುಡಿ ಕಾಣಿಸಲೂಬಹುದು. ಆ ಪುಡಿ ಬಿಳಿ. ಮೈಯೆಲ್ಲ ಕೆಂಪಾಗಿರುವ ಜೀವ ತನ್ನ ಮುಂದಿನ ಪೀಳಿಗೆಯನ್ನು ಬಣ್ಣವಿಲ್ಲದೆ ಕಳಿಸುತ್ತದೆ.

ಇನ್ನು ಮದ್ದಿನ ಪ್ರಶ್ನೆ. 1946ರಲ್ಲಿ, ಪೆನಿಸಿಲಿನ್ ಜಗತ್ತಿನ ಬಾಯಲ್ಲಿದ್ದ ಕಾಲದಲ್ಲಿ, ಕಲ್ಕತ್ತೆಯ ಸಸ್ಯವಿಜ್ಞಾನಿ ಸಹಾಯರಾಮ್ ಬೋಸ್ ಇದೇ ಕೆಂಪು ಅಣಬೆಯಲ್ಲಿ ರೋಗಾಣುಗಳನ್ನು ತಡೆಯುವ ಗುಣವಿದೆಯೆಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬೋಸ್ ಬದುಕಿನ ಬಹುಭಾಗ ಕಳೆದದ್ದು ಮರಕ್ಕೆ ಕಚ್ಚಿಕೊಳ್ಳುವ ಇಂಥ ತೂತಣಬೆಗಳ ಜೊತೆಗೇ. ತಮಗೆ ಸಿಕ್ಕ ಸತ್ವಕ್ಕೆ ಅವರು ಪಾಲಿಪೋರಿನ್ ಎಂದು ಹೆಸರಿಟ್ಟರು. ಅದು ಔಷಧದಂಗಡಿಯ ಕಪಾಟಿಗೆ ಬರಲಿಲ್ಲ. ಆದರೆ ಅವರ ಕಣ್ಣು ಬಿದ್ದದ್ದು ಸರಿಯಾದ ಜಾಗದ ಮೇಲೆಯೇ: ಅಣಬೆಗೆ ಕೆಂಪು ಕೊಡುವ ಸಿನ್ನಬಾರಿನ್ ಎಂಬ ವರ್ಣದ್ರವ್ಯ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂದು ಆಮೇಲಿನ ಪ್ರಯೋಗಗಳೂ ತೋರಿಸಿದವು.

ಬೋಸ್‌ಗಿಂತ ಎಷ್ಟೋ ಮೊದಲೇ ಆಸ್ಟ್ರೇಲಿಯಾದ ಮೂಲನಿವಾಸಿಗಳು ಈ ಕುಲದ ಕೆಂಪು ಅಣಬೆಯನ್ನು ಬಾಯಿಹುಣ್ಣಿಗೆ ಚೀಪುತ್ತಿದ್ದರು. ಹಲ್ಲು ಬರುವ ಕೂಸುಗಳಿಗೆ ಕಚ್ಚಲು ಕೊಡುತ್ತಿದ್ದರು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದದ್ದಕ್ಕೆ ಕಾರಣ ಇಲ್ಲೇ ಇದೆ. ಕೊಂಕಣ ಪಟ್ಟಿಯಲ್ಲಿ ಹಲಸಿನ ಮರಕ್ಕೆ ಬರುವ ಕಂದು ಬಣ್ಣದ, ಕಟ್ಟಿಗೆಯಷ್ಟೇ ಗಟ್ಟಿಯಾದ ಅಣಬೆಯೊಂದಿದೆ. ಫೆಲೈನಸ್ ಕುಲದ್ದು, ನಾಟಿ ವೈದ್ಯದಲ್ಲಿ ಫಣಸೋಂಬಾ ಎಂದೇ ಪ್ರಸಿದ್ಧ. ಮಕ್ಕಳ ಬಾಯಿ ಹುಣ್ಣಾದರೆ, ಜೊಲ್ಲು ನಿಲ್ಲದಿದ್ದರೆ ಅದನ್ನು ಕಲ್ಲಿನ ಮೇಲೆ ತೇಯ್ದು ವಸಡಿಗೆ ಹಚ್ಚುತ್ತಿದ್ದರು. ಬಣ್ಣ ಬೇರೆ, ಕುಲ ಬೇರೆ, ಮರ ಬೇರೆ. ನಡುವೆ ಒಂದು ಮಹಾಸಾಗರ. ಆದರೂ ಎರಡು ಕಡೆಯ ಅಜ್ಜಿಯರ ಕೈ ಮರದ ಮೇಲಿನ ತೂತಣಬೆಗೆ ಹೋಗಿ, ಅಲ್ಲಿಂದ ನೇರ ಕೂಸಿನ ಬಾಯಿಗೇ ಬಂದಿದೆ. (ಈ ಸಾಲು ಓದಿ ಯಾರೂ ದಿಮ್ಮಿ ಹುಡುಕಿಕೊಂಡು ಹೊರಡಬಾರದು. ಅಜ್ಜಿಯರಿಗೆ ಯಾವ ಮರದ್ದು, ಎಷ್ಟು, ಯಾವಾಗ ಎಂಬುದು ಗೊತ್ತಿತ್ತು. ನಮಗೆ ಗೊತ್ತಿಲ್ಲ.)

ಕೆಂಪಣಬೆಯ ಇನ್ನೊಂದು ಉಪಯೋಗ ಕಾಳಿ ನದಿಯ ಮೇಲ್ದಂಡೆಗೆ ಕರೆದೊಯ್ಯುತ್ತದೆ. ಮರ ಗಟ್ಟಿಯಾಗಿ ನಿಲ್ಲುವುದು ಲಿಗ್ನಿನ್ ಎಂಬ ಅಂಟಿನಿಂದ. ಆ ಅಂಟನ್ನು ಪೂರ್ತಿ ಬಿಚ್ಚಬಲ್ಲ ಜೀವಿಗಳು ಭೂಮಿಯ ಮೇಲೆ ಬಹಳ ಇಲ್ಲ; ಬಿಳಿಕೊಳೆ ತರುವ ಅಣಬೆಗಳು ಅದರಲ್ಲಿ ಮುಂದು. ನಮ್ಮ ಕೆಂಪಣಬೆ ಆ ಗುಂಪಿನದು. ಇದು ಹತ್ತಿದ ದಿಮ್ಮಿಯ ತೊಗಟೆ ಎಬ್ಬಿಸಿದರೆ ಕೆಳಗಿನ ಮರ ಕಂದು ಬಣ್ಣ ಕಳೆದುಕೊಂಡು ಬೆಳ್ಳಗೆ, ಮೆತ್ತಗೆ, ಉಗುರಿನಲ್ಲಿ ಎಳೆ ಎಳೆಯಾಗಿ ಬಿಡಿಸಬಹುದಾದಂತೆ ಆಗಿರುತ್ತದೆ. ಆ ಎಳೆಯೇ ಕಾಗದದ ಎಳೆ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ಬಿದಿರು, ಮರಗಳನ್ನು ಕುದಿಸಿ, ರಾಸಾಯನಿಕ ಹಾಕಿ ಮಾಡುವ ಕೆಲಸವನ್ನು ಅದೇ ಕಾಳಿಯ ಕೆಳದಂಡೆಯಲ್ಲಿ ಈ ಅಣಬೆ ಒಂದು ಸದ್ದೂ ಇಲ್ಲದೆ ಮಾಡುತ್ತಿರುತ್ತದೆ. ಅವಸರ ಮಾತ್ರ ಇಲ್ಲ. ಅದರ ಕೈಯಲ್ಲಿರುವ ಆಯುಧ ಲ್ಯಾಕೇಸ್ ಎಂಬ ಕಿಣ್ವ, ಒಡಲಲ್ಲಿ ತಾಮ್ರದ ಪರಮಾಣುಗಳನ್ನಿಟ್ಟುಕೊಂಡ ಕಿಣ್ವ. ಕಾಗದದ ತಿರುಳನ್ನು ಬೆಳ್ಳಗೆ ಮಾಡಲು, ಬಟ್ಟೆ ಗಿರಣಿಯ ಕೊಳಕು ನೀರಿನಿಂದ ಬಣ್ಣ ತೆಗೆಯಲು ಪ್ರಯೋಗಾಲಯಗಳು ಈ ಅಣಬೆಯನ್ನು ಬೆಳೆಸಿ ನೋಡುತ್ತಲೇ ಇವೆ. ಇಷ್ಟು ಬಣ್ಣದ ಪ್ರಾಣಿಗೆ ಊರವರ ಬಣ್ಣ ಅಳಿಸುವ ಉದ್ಯೋಗ!

ಹೀಗೆ ಹೆಸರೂ ಸಿಕ್ಕಿತು, ಉಪಯೋಗವೂ ಸಿಕ್ಕಿತು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನನಗೆ ಕಾಡುವುದು ಮೂರನೆಯ ಪ್ರಶ್ನೆ: ಈ ಕೆಂಪು ಯಾರಿಗೆ ತೋರಿಸಲು?

ನಮ್ಮ ಸುತ್ತಲಿನ ಬಣ್ಣಗಳಿಗೆ ಹೆಚ್ಚಾಗಿ ಒಂದು ವಿಳಾಸವಿರುತ್ತದೆ. ಮುತ್ತುಗದ ಕೆಂಪು ಹಕ್ಕಿಗಳಿಗೆ. ಮುರುಗಲ ಹಣ್ಣು ಕಪ್ಪುಗೆಂಪಾಗುವುದು ತಿಂದು ಬೀಜ ಒಯ್ಯುವವರಿಗೆ. ಬಣ್ಣದಲ್ಲಿ ಬಡವನಾದ ಅಂಕೋಲೆಯ ಕರಿ ಇಶಾಡು ಮಾವು ಆ ಕೆಲಸವನ್ನು ಪರಿಮಳಕ್ಕೆ ಒಪ್ಪಿಸಿದೆ. ಮನೆಯೊಳಗೆ ಒಂದು ಹಣ್ಣಿದ್ದರೆ ಬೀದಿಗೆ ಗೊತ್ತಾಗುತ್ತದೆ. ಅಣಬೆಗಳ ಪೈಕಿಯೂ ವಿಳಾಸ ಬರೆದುಕೊಂಡವು ಇಲ್ಲದಿಲ್ಲ. ಘಟ್ಟದ ಬಿದಿರು ಮೆಳೆಗಳ ಬುಡದಲ್ಲಿ ಬಿಳಿ ಜಾಲರಿಯ ಲಂಗ ತೊಟ್ಟು ಏಳುವ ಫ್ಯಾಲಸ್ ಇಂಡುಸಿಯೇಟಸ್ ಎಂಬುದೊಂದಿದೆ. ನೋಡಲು ಮದುಮಗಳು, ಹತ್ತಿರ ಹೋದರೆ ಸತ್ತ ಇಲಿಯ ನಾತ. ತಲೆಯ ಮೇಲಿನ ಲೋಳೆ ಮೆತ್ತಿಕೊಂಡು ಹಾರುವ ನೊಣಗಳೇ ಅದರ ಅಂಚೆಯವರು. ಚೀನಾದಲ್ಲಿ ಅದರ ಲೋಳೆ ತೊಳೆದು ಒಣಗಿಸಿ ಸೂಪಿಗೆ ಹಾಕುತ್ತಾರೆ, ಅದು ಅವರ ಧೈರ್ಯ.

ಗಾಳಿಯನ್ನೇ ನಂಬಿದ ಅಣಬೆಗೆ ಬಣ್ಣ ಏಕೆ? ಗಾಳಿಗೆ ಕಣ್ಣಿಲ್ಲ.

ತಿನ್ನುವವರಿಗೆ ಎಚ್ಚರಿಕೆಯೆಂದು ಹೇಳಿಬಿಡಬಹುದಿತ್ತು. ಬಣ್ಣದ್ದು ವಿಷ, ಬಿಳಿಯದು ಸಾಧು ಎಂಬ ಮಾತು ಕರಾವಳಿಯ ಅಡಿಗೆಮನೆಗಳಲ್ಲಿ ಈಗಲೂ ಕೇಳಿಬರುತ್ತದೆ. ಸಾರಿಗೆ ಬೆಳ್ಳಿ ನಾಣ್ಯ ಹಾಕಿ ಕಪ್ಪಾಗುತ್ತದೋ ನೋಡುವುದು, ಇರುವೆ ಮುತ್ತಿದ್ದರೆ ಒಳ್ಳೆಯದೆನ್ನುವುದು, ಅರಿಶಿನ ಹಾಕಿ ಕುದಿಸಿದರೆ ವಿಷ ಹೋಗುತ್ತದೆನ್ನುವುದು ಎಲ್ಲ ಇದರ ಬಳಗವೇ. ಅಣಬೆ ನಮ್ಮೊಡನೆ ಮಾತಾಡಲೇಬೇಕು, ಯಾವುದಾದರೂ ಗುರುತು ಹೇಳಲೇಬೇಕು ಎಂಬ ಹಟ ಇವುಗಳಲ್ಲಿದೆ. ಅದು ಹೇಳುವುದಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದಿರುವ ಅಮಾನಿಟಾ ಅಣಬೆಗಳು ಮಂಕು ಹಸಿರಿನವು, ಅಥವಾ ಹಾಲಿನಷ್ಟು ಬೆಳ್ಳಗಿನವು. ಅವುಗಳ ವಿಷ ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಉಂಡು ಆರು ತಾಸಿನ ಮೇಲೆ, ಎಷ್ಟೋ ಸಲ ಇನ್ನೂ ತಡವಾಗಿ, ವಾಂತಿ ಭೇದಿ ಶುರುವಾಗುತ್ತದೆ. ನಡುವೆ ಒಂದು ದಿನ ಗುಣವಾದಂತೆ ಅನಿಸುತ್ತದೆ. ಆ ಹೊತ್ತಿಗೆ ಪಿತ್ತಜನಕಾಂಗ ಹಾಳಾಗುತ್ತಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಚಹಾ ತೋಟಗಳ ಸೀಮೆಯಲ್ಲಿ ಕಾಡಣಬೆ ತಿಂದು 13 ಮಂದಿ ತೀರಿಕೊಂಡರು. ತಲೆಮಾರುಗಳಿಂದ ಅಣಬೆ ತಿಂದು ಬಂದ ಸೀಮೆ ಅದು.

ಹುಲ್ಲುಹಾಸಿನಲ್ಲಿ, ಹಿತ್ತಲ ಗೊಬ್ಬರದ ಹತ್ತಿರ ಮಳೆಗಾಲದಲ್ಲಿ ದೊಡ್ಡ ಬಿಳಿಕೊಡೆ ಬಿಚ್ಚಿ ನಿಲ್ಲುವ ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಕೊಲ್ಲುವುದು ಅಪರೂಪವಾದರೂ ಕರುಳು ಕಿತ್ತುಬರುವಂತೆ ವಾಂತಿ ಮಾಡಿಸುತ್ತದೆ. ಅದರ ನಿಜ ಗೊತ್ತಾಗುವುದು ಉದುರಿದ ಬೀಜಕಣದ ಪುಡಿಯಿಂದ, ಅದು ಹಸಿರು. ಇಲ್ಲೊಂದು ಬಣ್ಣ ನಮಗೆ ಕೆಲಸಕ್ಕೆ ಬರುವ ಸುದ್ದಿ ಹೇಳುತ್ತದೆ, ನಿಜ. ಆದರೆ ಅದನ್ನು ನೋಡಲು ಕಾಗದದ ಮೇಲಿಟ್ಟು ಒಂದು ರಾತ್ರಿ ಕಾಯಬೇಕು, ಹಸಿದವರಿಗೆ ಅಷ್ಟು ವ್ಯವಧಾನ ಎಲ್ಲಿಯದು?

ನಾವು ಆಸೆಪಟ್ಟು ತಿನ್ನುವ ಅಣಬೆಗಂತೂ ಹೇಳಿಕೊಳ್ಳುವಂಥ ಬಣ್ಣವೇ ಇಲ್ಲ. ನಾಗರಪಂಚಮಿಯ ಆಸುಪಾಸಿನಲ್ಲಿ ಹುತ್ತದ ಸುತ್ತ ಏಳುವ ಅಣಬೆ, ಕೊಂಕಣಿಯವರ ಆಳಂಬೆ, ಮಣ್ಣು ಮೆತ್ತಿದ ಬೂದು ಬಿಳಿ. ಅದು ಗೆದ್ದಲಿನ ಬೇಸಾಯದ ಬೆಳೆ. ಸುಮಾರು 3 ಕೋಟಿ ವರ್ಷಗಳಿಂದ ಗೆದ್ದಲು ನೆಲದೊಳಗೆ ಒಣ ಎಲೆ, ಕಟ್ಟಿಗೆಪುಡಿಯ ಹಾಸಿಗೆ ಕಟ್ಟಿ ಈ ಅಣಬೆಯನ್ನು ಸಾಕುತ್ತಿದೆ. ಫ್ರಾನ್ಸಿನ ರೋಜೆ ಹೈಮ್ 1942ರಲ್ಲಿ ಇದಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟ. ಹೆಸರಿಟ್ಟರೇನು, ಮನುಷ್ಯನ ತೋಟದಲ್ಲಿ ಬೆಳೆಯಾಗಿ ಬರಲು ಅದು ಇನ್ನೂ ಒಪ್ಪಿಲ್ಲ. ಅಂಕೋಲೆಯ ಕಡೆ ಮಣಿಸರಗಳ ಹಾಲಕ್ಕಿ ಹೆಂಗಸರು ಎಲೆಯ ಮೇಲಿಟ್ಟು ಮಾರಲು ಕೂತಾಗ ನೋಡಿ: ಗಿರಾಕಿ ಅಣಬೆಯ ಬಣ್ಣ ನೋಡುವುದಿಲ್ಲ, ಮಾರುವವಳ ಮುಖ ನೋಡುತ್ತಾನೆ. ಅವಳಿಗೆ ಆ ಹುತ್ತ ಗೊತ್ತು, ಅದು ಯಾವ ಮಳೆಗೆ ಏಳುತ್ತದೆಂದು ಗೊತ್ತು, ಎಳೆದಾಗ ಬುಡದಲ್ಲಿ ಬೇರಿನಂಥ ಉದ್ದ ಬಾಲ ಬರಬೇಕೆಂದು ಗೊತ್ತು. ಹೊನ್ನಳ್ಳಿಯ ತುಳಸಿ ಗೌಡರು ಶಾಲೆ ಕಾಣದೆ ಗಿಡಮರಗಳನ್ನು ಬೀಜದಿಂದಲೇ ಬಲ್ಲವರಾಗಿದ್ದರಲ್ಲ, ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತಲ್ಲ, ಅದೇ ಜಾತಿಯ ತಿಳಿವು ಇದು. ಒಂದು ಜಾಗದಲ್ಲಿ ಬಾಳಿ ಬಂದದ್ದು. ಇನ್ನೊಂದು ಊರಿಗೆ ಹೊತ್ತೊಯ್ದರೆ ಅಲ್ಲಿ ಮತ್ತೆ ಮೊದಲಿಂದ ಕಲಿಯಬೇಕು.

ಬಣ್ಣದ ಮಾತಿಗೆ ಮರಳಿದರೆ, ವಿಜ್ಞಾನಿಗಳೂ ಇದೇ ಪ್ರಶ್ನೆಯ ಸುತ್ತ ತಿರುಗಿದ್ದಾರೆ. 2019ರಲ್ಲಿ ಯುರೋಪಿನ ಸಾವಿರಾರು ಅಣಬೆ ಜಾತಿಗಳನ್ನು ಒಟ್ಟಿಗಿಟ್ಟು ನೋಡಿದವರು, ಚಳಿ ಹೆಚ್ಚಿದಂತೆ ಅಣಬೆಗಳು ಕಪ್ಪಾಗುತ್ತವೆಂದು ಕಂಡರು. ಬಿಸಿಲು ಹೀರಿ ಬೆಚ್ಚಗಾಗಲು ಇರಬಹುದು ಎಂದರು. ಕಾರವಾರದ ಸೆಕೆಯಲ್ಲಿ ಆ ವಿವರಣೆ ನಮಗೆ ನಡೆಯದು. ಇರುಳಲ್ಲಿ ಹಸಿರಾಗಿ ಮಿನುಗುವ ಅಣಬೆಗಳೂ ಇವೆ. 2024ರಲ್ಲಿ ಕಾಸರಗೋಡಿನ ರಾಣಿಪುರಂ ಕಾಡಿನಲ್ಲಿ ಅಂಥದೊಂದು ದಾಖಲಾದಾಗ ಪತ್ರಿಕೆಗಳಲ್ಲೆಲ್ಲ ಚಿತ್ರ ಬಂತು. ಆ ಬೆಳಕು ಯಾರಿಗೆ? ಬ್ರೆಜಿಲ್‌ನಲ್ಲಿ ಕೃತಕ ಅಣಬೆಗಳೊಳಗೆ ಪುಟ್ಟ ದೀಪವಿಟ್ಟು ನೋಡಿದವರು 2015ರಲ್ಲಿ ಹೇಳಿದರು: ಕೀಟಗಳಿಗೆ, ಬೆಳಕಿದ್ದಲ್ಲಿ ಹೆಚ್ಚು ಬಂದವು. ಮರುವರ್ಷ ಆಸ್ಟ್ರೇಲಿಯಾದಲ್ಲಿ ಬೇರೊಂದು ಮಿನುಗಣಬೆಯನ್ನು ಪರೀಕ್ಷಿಸಿದವರು ಹೇಳಿದರು: ಯಾರಿಗೂ ಅಲ್ಲ, ಕೀಟಗಳು ಆ ಬೆಳಕಿಗೆ ಕ್ಯಾರೇ ಅನ್ನಲಿಲ್ಲ, ಮೈಯೊಳಗಿನ ಯಾವುದೋ ಕೆಲಸದ ಉಪಉತ್ಪನ್ನ ಇರಬೇಕು.

ನನಗೆ ಬ್ರೆಜಿಲ್‌ಗಿಂತ ಆಸ್ಟ್ರೇಲಿಯಾದ ಉತ್ತರದಲ್ಲಿ ಹೆಚ್ಚು ಬೆರಗು ಕಾಣುತ್ತದೆ. ಕಾಡೆಲ್ಲ ಕತ್ತಲಾದಾಗ ಒಂದು ಜೀವ ಬೆಳಗುತ್ತದೆ, ಯಾರನ್ನೂ ಕರೆಯಲು ಅಲ್ಲ ಎಂದರೆ ಕೀಟಕ್ಕಾಗಿ ಬೆಳಗುತ್ತದೆ ಎಂಬುದಕ್ಕಿಂತ ದೊಡ್ಡ ಸುದ್ದಿ. ವ್ಯಾಪಾರವಿಲ್ಲದ ಬೆಳಕು ಅದು.

ನಮ್ಮ ಕೆಂಪಣಬೆಯನ್ನು ಮುರಿದು ನೋಡಿದರೆ ಈ ಅನುಮಾನ ಗಟ್ಟಿಯಾಗುತ್ತದೆ. ತೋರಿಸಲೆಂದೇ ಇದ್ದ ಬಣ್ಣವಾಗಿದ್ದರೆ ಮೇಲ್ಪದರದಲ್ಲಿ ಬಳಿದಿದ್ದರೆ ಸಾಕಿತ್ತು. ಇದರ ಒಳಗೂ ಕೆಂಪೇ. ಯಾವ ಕಣ್ಣೂ ಬೆಳಕೂ ಹೋಗದ ತಿರುಳಿನಲ್ಲಿ, ನೆಲಕ್ಕೆ ಮುಖ ಮಾಡಿದ ಅಡಿಭಾಗದಲ್ಲಿ, ಕೊಳವೆಗಳ ಗೋಡೆಯಲ್ಲಿ, ಎಲ್ಲೆಲ್ಲೂ. 1995ರಲ್ಲಿ ಇದರ ಒಡಹುಟ್ಟು ಸಿನ್ನಬಾರಿನಸ್ ಮೇಲೆ ಕೆಲಸ ಮಾಡಿದವರು ಆ ಬಣ್ಣ ಹೇಗೆ ಹುಟ್ಟುತ್ತದೆಂದು ತೋರಿಸಿದರು. ಮರದ ಅಂಟು ಬಿಚ್ಚಲು ಸುರಿಸುವ ಅದೇ ಲ್ಯಾಕೇಸ್ ಕಿಣ್ವ, ಅಣಬೆಯದೇ ಇನ್ನೊಂದು ದ್ರವ್ಯವನ್ನು ಕೂಡಿಸಿ ಕೆಂಪು ಬಣ್ಣದ ಆಮ್ಲವೊಂದನ್ನು ಮಾಡುತ್ತದೆ. ಅಂದರೆ ಊಟದ ಆಯುಧವೇ ಬಣ್ಣದ ಕುಂಚ. ಬ್ಯಾಕ್ಟೀರಿಯಾಗಳನ್ನು ದೂರ ಇಡಲು ಆ ಬಣ್ಣ ನೆರವಾಗುತ್ತಿರಬಹುದು. ಆದರೆ ಬ್ಯಾಕ್ಟೀರಿಯಾಕ್ಕೆ ಅದು ಕೆಂಪೆಂದು ಕಾಣಬೇಕಾದ್ದೇನಿಲ್ಲ. ನೀಲಿಯಾಗಿದ್ದರೂ ಕೆಲಸ ನಡೆಯುತ್ತಿತ್ತು.

ನಮ್ಮ ಮೈಯ ನೆತ್ತರಿನದೂ ಇದೇ ಕಥೆಯಲ್ಲವೆ. ಅದು ಕೆಂಪಾದದ್ದು ಉಸಿರಿನ ಆಮ್ಲಜನಕ ಹೊರಲು ಕಬ್ಬಿಣ ಬೇಕಾದ್ದರಿಂದ. ಚರ್ಮದ ಕೆಳಗೆ ಕತ್ತಲಲ್ಲಿ ಹರಿಯುವ ಅದರ ಬಣ್ಣವನ್ನು ಯಾರೂ ನೋಡಬೇಕಾಗಿಲ್ಲ. ಹೊರಗೆ ಬಂದಾಗ ಮಾತ್ರ ನಾವು ಬೆಚ್ಚುತ್ತೇವೆ, ಹರಕೆ ಹೊರುತ್ತೇವೆ, ಹಣೆಗಿಡುತ್ತೇವೆ. ಲಿನೇಯಸ್ ಈ ಅಣಬೆಗೆ ನೆತ್ತರಿನ ಹೆಸರಿಟ್ಟಾಗ ನೋಡಿದ್ದು ಹೊರಗಿನ ಹೋಲಿಕೆಯೊಂದನ್ನೇ ಇರಬೇಕು.

ಹಾಗಂತ ಈ ಕೆಂಪನ್ನು ಯಾರೂ ಓದುವುದೇ ಇಲ್ಲವೆ? ಅವರ್ಸೆಯ ಹತ್ತಿರದ ಒಂದು ಮನೆಯಲ್ಲಿ ಹೆಂಗಸೊಬ್ಬರು ಮಳೆಗಾಲ ಮುಗಿದ ಮೇಲೆ ಕೊಟ್ಟಿಗೆಯ ಬದಿಯ ಕಟ್ಟಿಗೆ ಗೂಡು ಬಿಚ್ಚಿ ಮತ್ತೆ ಒಟ್ಟುತ್ತಿದ್ದರು. ಕೈಗೆ ಬಂದ ಒಂದೊಂದು ತುಂಡನ್ನೂ ತಿರುಗಿಸಿ ನೋಡಿ, ಕೆಂಪು ಹತ್ತಿದ್ದನ್ನು ಆಚೆ ಎಸೆಯುತ್ತಿದ್ದರು. ಏಕೆಂದು ಕೇಳಿದೆ. “ಇದ್ ಬಂದ್ ಕಟ್ಟಿಗೆ ಹಗುರ ಆಗ್ತದೆ, ಉರಿ ಇಲ್ಲ. ಬರೇ ಹೊಗೆ. ಹಂಡೆ ನೀರು ಕಾಯೂದಿಲ್ಲ.” ಲಿಗ್ನಿನ್ ಹೋದ ಮರದಲ್ಲಿ ಬೆಂಕಿಗೆ ಬೇಕಾದ ಕಸುವೂ ಬಹಳಷ್ಟು ಹೋಗಿರುತ್ತದೆ, ಅವರ ಲೆಕ್ಕ ಸರಿಯಾಗಿಯೇ ಇತ್ತು. ಈ ಅಣಬೆಗೆ ಏನನ್ನುತ್ತೀರಿ ಎಂದರೆ “ಏನೂ ಅನ್ನೂದಿಲ್ಲ” ಎಂದರು. ಅಷ್ಟು ಹೊತ್ತಿಗೆ ಎರಡು ರಾಶಿಯಾಗಿತ್ತು. ಒಂದು ಬಚ್ಚಲ ಒಲೆಗೆ. ಕೆಂಪಿನ ರಾಶಿಯನ್ನು ಮಗ ಬುಟ್ಟಿಗೆ ತುಂಬಿಕೊಂಡು ತೆಂಗಿನ ಬುಡಕ್ಕೆ ಹಾಕಲು ಹೊರಟಿದ್ದ.